ಇರಲಿ

ಕುಟೈಸಿಯ ಹಳೇ ಐದಂತಸ್ತಿನ ಕಟ್ಟಡದಲ್ಲಿ
ನಾಲ್ಕನೆಯದು ನಮ್ಮದು.
ಎರಡು ಕೋಣೆ, ಗಾಜು ಹೊದಿಸಿದ ಒಂದು ಬಾಲ್ಕನಿ,
ಐದು ಜನ, ಮತ್ತೆ
ಆರನೆಯ ಆಳಾಗಿ 'ಇರಲಿ' ಎಂಬ ಮಾತು.

ಅತ್ತೆ ತ್ಸಿತ್ಸಿನೊ ಸಾಕಿದ ಮಾತು ಅದು.
ಮುಚ್ಚಳ ಕಳೆದ ಜಾಡಿ? ಇರಲಿ.
ಕಾಲು ಮುರಿದ ಸ್ಟೂಲು? ಕಾಲು ಸಿಕ್ಕೀತು, ಇರಲಿ.
ಸೀಮೆಎಣ್ಣೆ ಸ್ಟೌ? ಕರೆಂಟು ಹೋದರೆ?
ಹೋಗಿ ಎಷ್ಟು ಕಾಲವಾಯ್ತು ಎಂದರೆ
ಹೋಗುವುದು ಹೇಳಿ ಹೋಗುತ್ತದೆಯೇ, ಇರಲಿ.
ಇರಲಿ ಇರಲಿ ಎನ್ನುತ್ತಲೇ
ನಾವು ಇರಲು ಜಾಗವಿಲ್ಲದಾಯಿತು.

ಗ್ವಾಂತ್ಸಾ ಲೆಕ್ಕ ಮಾಡುವುದು ಇಸ್ತ್ರಿ ಮೇಜಿನ ಮೇಲೆ.
ಒಂದು ಕಾಲುಚೀಲಕ್ಕಾಗಿ ಜುಂಬೆರ್ ದಿನಾ ಬೆಳಿಗ್ಗೆ
ದೇವರನ್ನೂ ನನ್ನನ್ನೂ ಸಮಸಮವಾಗಿ ಬೈಯುತ್ತಾನೆ.
ಬೀರು ಕೊಳ್ಳಲು ದುಡ್ಡಿಲ್ಲ. ಇದ್ದಿದ್ದರೆ
ಬೀರುವೂ ತುಂಬುತ್ತಿತ್ತು, ಅಷ್ಟೆ.

ಮಾರ್ಚಿನ ಒಂದು ಶನಿವಾರ ತಲೆಗೆ ಬಟ್ಟೆ ಸುತ್ತಿ ನಿಂತೆ.
ಬಜಾರಿನ ಬೂಟಿನಂಗಡಿಯವ ಒಗೆಯುವ ರಟ್ಟಿನ ಡಬ್ಬಿ ಹನ್ನೊಂದು:
ಡ್ರಾಯರಿನೊಳಗೆ ಅವೇ ಗೋಡೆ, ಅವೇ ಕೋಣೆ,
ಕಾಲುಚೀಲಕ್ಕೂ ಈಗೊಂದು ವಿಳಾಸ.
ಜುಂಬೆರನ ಹಳೇ ಪ್ಯಾಂಟು ಮೊಣಕಾಲಿಗೆ ಕತ್ತರಿಸಿ
ಬಾಗಿಲ ಹಿಂದೆ ತೂಗುಹಾಕಿದೆ,
ಜೇಬುಗಳಲ್ಲಿ ಕತ್ತರಿ, ದಾರ, ಔಷಧಿ ಚೀಟಿ.
ದ್ರಾಕ್ಷಿ ಪೆಟ್ಟಿಗೆಯ ಸೊಟ್ಟ ಮೊಳೆಗಳನ್ನು ಕಿತ್ತು
ಕಲ್ಲಿನ ಮೇಲಿಟ್ಟು ನೆಟ್ಟಗೆ ಮಾಡಿದವ ಬಾಚಾನಾ,
ಎರಡು ಬೆರಳು ಜಜ್ಜಿಕೊಂಡು.
ಮುಚ್ಚಳಗಳನ್ನು ಹಲಗೆಯಡಿ ಬಡಿದು
ಜಾಡಿಗಳನ್ನು ಬಾವಲಿಗಳ ಹಾಗೆ ತಿರುಗಿಸಿ ನೇತುಹಾಕಿದೆವು,
ಒಂದರಲ್ಲಿ ಬೀನ್ಸ್ ಕಾಳು, ಒಂದರಲ್ಲಿ ಗುಂಡಿ,
ಒಂದರಲ್ಲಿ ಏನೆಂದು ಯಾರಿಗೂ ಗೊತ್ತಿಲ್ಲ.

ಉಳಿದದ್ದು ಬುಟ್ಟಿಗೆ.
ಲಿಫ್ಟಿಲ್ಲದ ಕಟ್ಟಡಕ್ಕೆ ಹಗ್ಗವೇ ಲಿಫ್ಟು.
ಬ್ರೆಡ್ಡು ಏರಿ ಬರುವ ಬುಟ್ಟಿಯಲ್ಲಿ ಅವತ್ತು ಸಾಮಾನು ಇಳಿಯಿತು:
ಕೋಟು ಎರಡನೆಯ ಮಹಡಿಯ ನಾಯ್ರಾಗೆ,
ಸ್ಟೂಲು ಮುದುಕ ಒಟಾರನಿಗೆ, ಅವನ ಬಳಿ ಕಾಲಿದೆಯಂತೆ.
ಬುಟ್ಟಿ ಬರಿದಾಗಿ ಮೇಲೆ ಬರಬೇಕಿತ್ತು.
ಬಂದದ್ದು ನಾಯ್ರಾಳ ಆರು ಖಾಲಿ ಜಾಡಿ.
'ಇರಲಿ' ಅಂದವಳು ನಾನೇ.

ಇಷ್ಟೆಲ್ಲ ನಡೆಯುವಾಗ ಅತ್ತೆ
ಬಾಗಿಲಿಗೆ ಅಡ್ಡ ಕುರ್ಚಿ ಹಾಕಿ ಕೂತಿದ್ದರು, ಕಾವಲಿನವರಂತೆ.
ಕೊನೆಗುಳಿದದ್ದು ಬಿಸ್ಕತ್ತಿನ ಡಬ್ಬಿ. ತೆರೆದರೆ ಬರೀ ಕೀಲಿ.
ಇದು ಯಾವ ಬಾಗಿಲದು, ಇದು?
ನೆಲಮಾಳಿಗೆಯದು. ಮಾರಿದ ಸೈಕಲ್ಲಿನದು.
ಗೊತ್ತಿಲ್ಲ. ಗೊತ್ತಿಲ್ಲ.
ಉದ್ದನೆಯ ಕಬ್ಬಿಣದ್ದೊಂದಕ್ಕೆ ಏನೂ ಹೇಳಲಿಲ್ಲ.

ಆಮೇಲೆ, ನಾಯ್ರಾಳ ಜಾಡಿ ಒರೆಸುತ್ತ, ನನಗಲ್ಲವೆಂಬ ಹಾಗೆ:
"ನಾನೂ ಒಂದು ಮನೆ ಖಾಲಿ ಮಾಡಿದ್ದೆ, ಓಚಮ್ಚಿರೆಯಲ್ಲಿ.
ಯುದ್ಧದ ವರ್ಷ. ಒಂದು ಗಂಟೆಯೂ ಹಿಡಿಯಲಿಲ್ಲ.
ಎರಡು ಚೀಲ, ಒಂದು ಕೂಸು.
ಒಲೆಯ ಮೇಲೆ ಜೋಳದ ಗಂಜಿಯಿತ್ತು,
ಸೀಯದಿರಲಿ ಅಂತ ಇಳಿಸಿಟ್ಟು ಬಂದೆ.
ಬೀಗ ಹಾಕಿದೆ."

ಡಬ್ಬಿ ನನ್ನ ಮಡಿಲಲ್ಲೇ ಇತ್ತು.
ಬಾಚಾನಾ ಉಳಿದ ಮೊಳೆಗಳಲ್ಲಿ ಒಂದನ್ನು ಆರಿಸಿ
ಹೊಸ್ತಿಲ ಪಕ್ಕದ ಗೋಡೆಗೆ ಬಡಿದ.
ಪೂರಾ ನೆಟ್ಟಗಾಗಿರಲಿಲ್ಲ ಅದು.

ಈಗ ಅಲ್ಲಿ ಮೂರು ಕೀಲಿ: ಮನೆಯದು, ನೆಲಮಾಳಿಗೆಯದು, ಅದು.
ಆಲೂಗಡ್ಡೆ ತರಲು ಇಳಿಯುವ ಆತುರದಲ್ಲಿ ನನ್ನ ಕೈ
ಒಮ್ಮೊಮ್ಮೆ ಅದನ್ನೇ ಎಳೆದುಕೊಂಡುಬಿಡುತ್ತದೆ.
ನಾಲ್ಕು ಮಹಡಿ ಇಳಿದ ಮೇಲೆ ಕೆಳಗಿನ ಬೀಗ ಒಲ್ಲೆನ್ನುತ್ತದೆ.
ಅಂಗಳದಲ್ಲಿ ನಿಂತು ಕೂಗುತ್ತೇನೆ.
ಅತ್ತೆ ಬುಟ್ಟಿಯಲ್ಲಿ ಸರಿಯಾದದ್ದನ್ನು ಇಳಿಬಿಡುತ್ತಾರೆ.
ಇದನ್ನು ಅದರಲ್ಲಿ ಮಲಗಿಸಿ
ಹಗ್ಗ ಅಲುಗಿಸುತ್ತೇನೆ.
ನಿಧಾನ, ಗೋಡೆಗೆ ತಗುಲದ ಹಾಗೆ
ಮೇಲಕ್ಕೆಳೆದುಕೊಳ್ಳುತ್ತಾರೆ.