ಹಿಂಬದಿ

ಗ್ರಿಮ್ಸ್‌ಬಿ ಬಂದರಿನ ಹಿಂದಿನ ಬೀದಿಯಲ್ಲಿ
ನನ್ನ ಗೋಡೆಯಾಚೆಯ ಥೆಲ್ಮಾ ಗ್ರಾಸ್ಬಿ.
ಮೂವತ್ತೊಂದು ವರ್ಷ ಮೀನು ಸೀಳಿದ ಕೈ.
ಮುಳ್ಳಿಗಂಟಿದ ಚೂರನ್ನೂ ಬಿಡದ ಆ ಬೆರಳು
ಈಗ ಸೂಜಿಗಂಟಿದ ಎಳೆಯನ್ನೂ ಬಿಡಲೊಲ್ಲದು.

ಆರೆಳೆಯ ಲಡಿ ತಂದರೆ ಅವಳಿಗದು ಮೂರು ಲಡಿ.
ಎರಡೆರಡಾಗಿ ಬಿಡಿಸುತ್ತಾಳೆ ಉಸಿರು ಬಿಗಿಹಿಡಿದು.
ಸಿಕ್ಕಾದರೆ ಬೈಗುಳ,
ದಾರಕ್ಕಲ್ಲ, ದಾರದ ಬೆಲೆಗೆ.
ಒಂದೇ ಎಳೆಯ ನಡು ಮಡಿಸಿ, ಕುಣಿಕೆಯೊಳಗೆ ಸೂಜಿ ತೂರಿ
ಗಂಟೇ ಇಲ್ಲದೆ ಮೊದಲ ಹೊಲಿಗೆ ಕೂರಿಸಿದರೆ
ಎರಡಿಂಚು ಉಳಿಯಿತು.
‘ಎರಡಿಂಚಿಗೆ ಇಷ್ಟು ಪಾಡೇ?’ ಅಂದೆ.
‘ನಲವತ್ತು ಸಲಕ್ಕೆ ಎಂಬತ್ತು’ ಅಂದಳು, ತಲೆಯೆತ್ತದೆ.

ಓಟ್ಸ್ ಡಬ್ಬಿಯ ರಟ್ಟು ಕತ್ತರಿಸಿ ದಾರ ಸುತ್ತುವ ಪಟ್ಟಿ.
ಅಂಗಡಿಯ ಬಟ್ಟೆಗೆ ಕಣ್ಣು ಎಣಿಸಿ ಇಟ್ಟಿರುತ್ತಾರೆ,
ಬೆಲೆಯನ್ನೂ ಎಣಿಸಿಯೇ ಇಟ್ಟಿರುತ್ತಾರೆ.
ಇವಳದು ಅತ್ತೆ ಬಿಟ್ಟುಹೋದ ಲಿನನ್ ದಿಂಬಿನ ಚೀಲ.
ಲೆಕ್ಕ ತಪ್ಪದಿರಲು ಹತ್ತತ್ತು ಎಳೆಗೊಂದು ಗೆರೆ,
ಗಂಡನ ಗಾಳದ ದಾರದ್ದು.
ಕೆಲಸ ಮುಗಿದರೆ ಸರ್ರನೆ ಎಳೆದು
ಮತ್ತೆ ಡಬ್ಬಿಗೆ. ಮೀನು ಹಿಡಿದದ್ದಕ್ಕಿಂತ
ಗುಲಾಬಿ ಹಿಡಿದದ್ದೇ ಹೆಚ್ಚು ಆ ದಾರ.
ಬೆಳಕು? ಚಳಿಗಾಲದಲ್ಲಿ ಮೂರು ಗಂಟೆಯವರೆಗೆ ಕಿಟಕಿಯದು, ಬಿಟ್ಟಿ.
ಆಮೇಲೆ ಲೈಬ್ರರಿಯದು. ಅಲ್ಲಿ ಬೆಚ್ಚಗೂ ಇರುತ್ತದೆ.

ಹಾಸಿಗೆ ಇದ್ದಷ್ಟು ಕಾಲು ಚಾಚಿದವಳಲ್ಲ ಇವಳು,
ಕಾಲು ಮಡಿಸಿ, ಉಳಿದ ಹಾಸಿಗೆಯಲ್ಲಿ
ಇನ್ನೊಂದು ದಿಂಬಿನ ಚೀಲ ಹೊಲಿದವಳು.

ಕೆಂಪೊಂದನ್ನು ಬಿಟ್ಟು.
ಕೆಂಪಿಗೆ ಮಾತ್ರ ಚೌಕಾಸಿಯಿಲ್ಲ.
ಒಮ್ಮೆ ಸಂತೆಯ ಅಗ್ಗದ ಕೆಂಪು ನಂಬಿ
ಮೊಮ್ಮಗಳ ನಾಮಕರಣದ ಅಂಗಿಗೆ ಹಣ್ಣು ಕಸೂತಿ ಮಾಡಿದ್ದಳು.
ಮೊದಲ ತೊಳೆತಕ್ಕೇ ಹಣ್ಣು ಅತ್ತುಬಿಟ್ಟಿತು,
ಎದೆಯಿಂದ ಅಂಚಿನವರೆಗೆ ಗುಲಾಬಿ ನೀರು.
ಯಾರೂ ಏನೂ ಅನ್ನಲಿಲ್ಲ. ಅದೇ ಅವಳಿಗೆ ದುಬಾರಿಯಾಯಿತು.

ಹೋದ ಮಂಗಳವಾರ ಆಸ್ಪತ್ರೆ ಪಕ್ಕದ ಧರ್ಮದಂಗಡಿಯಲ್ಲಿ
ಯಾರೋ ಅರ್ಧಕ್ಕೆ ಬಿಟ್ಟ ಚೌಕಟ್ಟು: ಒಂದೂವರೆ ಪೌಂಡು.
ಏಳು ಗುಲಾಬಿ, ಎಂಟನೆಯದಕ್ಕೆ ಬರೀ ಎಲೆ.
ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು:
‘ಒಳ್ಳೆ ಕೆಂಪು ಕಣೇ. ಬಿಚ್ಚಿದರೆ
ನಾಲ್ಕು ಲಡಿಯಾದರೂ ಬಂದೀತು.’
ಮೀನಿನ ಹೊಟ್ಟೆ ನೋಡಿ ಮೊಟ್ಟೆ ಎಣಿಸುವ ಹಾಗಿತ್ತು ಆ ಕಣ್ಣು.

ರಾತ್ರಿ ಗೋಡೆ ತಟ್ಟಿದಳು. ಹೋದೆ.
ಮೇಜಿನ ಮೇಲೆ ಚೌಕಟ್ಟು ಬೋರಲು ಬಿದ್ದಿತ್ತು.
‘ನೋಡು’ ಅಂದಳು, ‘ಇವಳ ಬೆನ್ನು ನೋಡು.’

ಒಂದು ಗಂಟಿಲ್ಲ. ಎಲ್ಲ ಕುಣಿಕೆಯ ಮೊದಲು.
ತುದಿಗಳೋ, ಉಗುರಿಗೂ ಸಿಗದಷ್ಟು ಗಿಡ್ಡ,
ನಾಲ್ಕು ಹೊಲಿಗೆಯಡಿ ನುಸುಳಿ ಮಾಯ.
ಮುಂದಿನಿಂದ ಒಂದೇ ಕಂಡ ಕೆಂಪು
ಹಿಂದೆ ಮೂರು: ಹೊಸ ಇಟ್ಟಿಗೆಯದು, ಹಳೆಯದು,
ಮೂರನೆಯದು ಯಾವುದೋ ಸ್ವೆಟರಿನಿಂದ ಕಿತ್ತದ್ದು.
ಬಿಚ್ಚಿದರೆ ಒಂದಿಂಚೂ ದಕ್ಕದು. ತುಂಡು ತುಂಡು.
ಕೊನೆಯ ಎಳೆ ಮುಗಿದ ಕಡೆ ಸೂಜಿಯೂ ಇರಲಿಲ್ಲ,
ಸೂಜಿಯನ್ನು ಮಾತ್ರ ಯಾರೋ ಎತ್ತಿಟ್ಟುಕೊಂಡಿದ್ದರು.

‘ನನ್ನನ್ನೇ ದೋಚಿಬಿಟ್ಟಳು ಮುದುಕಿ’
ಎಂದು ಥೆಲ್ಮಾ ನಗತೊಡಗಿದಳು.
ಕೆಮ್ಮು ಬರುವವರೆಗೆ, ಕಣ್ಣೊರೆಸಿಕೊಳ್ಳುವವರೆಗೆ ನಕ್ಕಳು.
ಯಾರೆಂದು ತಿಳಿಯದ ಆ ಹೆಂಗಸು
ನಮ್ಮ ಜೊತೆ ಮೂರನೆಯ ಕುರ್ಚಿಯಲ್ಲಿ
ಕೂತಿದ್ದ ಹಾಗೆ ಅನ್ನಿಸಿತು ನನಗೆ.

ಖರ್ಚಿನ ಪುಸ್ತಕದಲ್ಲಿ ‘ಗುಲಾಬಿ, ಒಂದೂವರೆ, ನಷ್ಟ’ ಎಂದು ಬರೆದು
ತನ್ನ ಬೆಲೆಬಾಳುವ ಕೆಂಪು ತೆಗೆದಳು.
ಎಂಟನೆಯ ಹೂವಿಗೆ ಹನ್ನೊಂದು ದಿನ ಹಿಡಿಯಿತು.

ಮುಗಿದ ಸಂಜೆ ನಾನಿದ್ದೆ.
ಕತ್ತರಿ ಹಿಡಿದವಳು ತಡೆದಳು,
ಕೊನೆಯ ತುದಿ ಒಂದು ಬೆರಳುದ್ದ ಬಿಟ್ಟಳು.
ಪೂರಾ ಒಂದು ಬೆರಳು, ಥೆಲ್ಮಾ.
ನಾನು ಹುಬ್ಬೇರಿಸಿದ್ದಕ್ಕೆ
‘ಮುಂದೆ ಯಾವಳಾದರೂ ಬಿಚ್ಚಲು ಕೂತರೆ
ಹಿಡಿಯುವುದಕ್ಕೆ ಏನಾದರೂ ಇರಲಿ’ ಅಂದಳು.
ಅಂದು, ದೀಪ ಆರಿಸಿದಳು.