ನೋವಾ?

ಮೊದಲ ಬೋರ್ಡು ಮಶಾಕ ಟೇಲರನದು.
ಸೌದಿಯಿಂದ ಬಂದ ಅಳಿಯ ಚೀಟಿ ಮ್ಯಾಲ ಬರದು ಕೊಟ್ಟಿದ್ದ:
ನೋವಾ.
ಏನಂದ್ರ ಅಂತ ನಾ ಕೇಳಲಿಲ್ಲ.
ಅಕ್ಷರಕ್ಕ ಎರಡು ರೂಪಾಯಿ, ಎರಡೇ ಅಕ್ಷರ.
ಚಿಕ್ಕ ಹೆಸರಿನವರ ಮ್ಯಾಲ ಆಗ ನನಗ ಸಿಟ್ಟಿರತಿತ್ತು.

ಆಮ್ಯಾಲ ಅದು ಕಲಬುರಗಿ ಊರೊಳಗ ಹೊಕ್ಕಿತು.
ಶಾಬಜಾರದಾಗ ನೋವಾ ಬಳಿ ಅಂಗಡಿ.
ಸೇಡಂ ರೋಡಿಗಿ ನೋವಾ ಟೈರ್ ರಿಮೋಲ್ಡ್,
ಸವದ ಗಾಲಿಗಿ ಹೊಸ ಚರ್ಮ ಅಂಟಸೋ ಜಾಗ.
(ಅವನೊಬ್ಬನೇ ಆ ಹೆಸರಿಗಿ ಸುಳ್ಳಾಡದವ
ಅಂತ ಮುಂದ ತಿಳೀತು.)
ಆಳಂದ ನಾಕಾದ ಹತ್ರ ನೋವಾ ಖಾನಾವಳಿ,
ಅಲ್ಲಿ ಬಿಸಿ ರೊಟ್ಟಿ ಬಿಟ್ರ ಹೊಸದೇನೂ ಇರಲಿಲ್ಲ,
ಮುಂಜಾನಿ ಹೋದ್ರ ಅದೂ ನಿನ್ನೀದು, ಕಟಕ.
ಮದವಿಗಿ ಬಾರಸೋ ನೋವಾ ಬ್ಯಾಂಡ್ ಕಂಪನಿಯವರು
ಡೊಳ್ಳಿನ ಹೊಟ್ಟಿ ಮ್ಯಾಲ ಬರಸಿಕೊಂಡು ಹೋದರು.
ಬಾರಿಸಿ ಬಾರಿಸಿ ಒಂದೇ ಸುಗ್ಗಿದಾಗ ವಾ ಅಳದು ಹೋತು,
ನೋ ಅಷ್ಟೇ ಉಳೀತು.

ಮರತೂರ ಡಾಕ್ಟ್ರು ಅದೇ ಹೆಸರು ಹಿಡಕೊಂಡು ಬಂದಾಗ ನಕ್ಕೆ.
"ಸಾಹೇಬ್ರ, ಕನ್ನಡದಾಗ ಒಂದ್ಸಲ ಓದಿ ನೋಡ್ರಿ."
ಹೈದರಾಬಾದಿನಾಗ ಕಲತವರು, ಓದಲಿಲ್ಲ.
"ನೋವಾ ಕ್ಲಿನಿಕ್, ಒಂದು ಕೆಂಪು ಪ್ಲಸ್ಸು, ಅಷ್ಟೇ ಬರಿ."
ಬರದೆ.
ಇಳಿಯೋ ಮುಂದ, ನಿಚ್ಚಣಿಕಿ ಮ್ಯಾಲ ನಿಂತು,
ಕುಂಚದಾಗ ಉಳಿದ ಕೆಂಪಿನಿಂದ
ನೋವಾದ ಮುಂದ ಒಂದು ಕೊಂಡಿ ಎಳದೆ, ಕೆಳಗ ಚುಕ್ಕಿ ಇಟ್ಟೆ.
ಅದನ್ನ ಅಕ್ಷರದ ಲೆಕ್ಕಕ್ಕ ಹಿಡಿಲಿಲ್ಲ.

ಮಂದಿ ಬೋರ್ಡಿಗಿ ಉತ್ತರ ಕೊಡಲಾಕ ಸುರು ಮಾಡಿದರು.
ಫರತಾಬಾದಿನ ಮುದುಕಿ ಮೊಣಕಾಲು ಹಿಡಕೊಂಡು,
"ಹೌದಪ್ಪಾ, ರಾತ್ರಿ ಜಾಸ್ತಿ."
ಬಸ್ಸಿನ ಕಂಡಕ್ಟರ, ಟೊಂಕ.
ಓದಲಾಕ ಬಾರದವರಿಗಿ ಓದಬಲ್ಲವರು ಹೇಳತಿದ್ದರು:
ಅಲ್ಲಿ ಗ್ವಾಡಿನೇ ಕೇಳತದ, ಹೋಗು.
ಡಾಕ್ಟ್ರು ಹದಿನೈದು ದಿನ ನನ್ನ ಜೋಡಿ ಮಾತಾಡಲಿಲ್ಲ.
ಅಳಸು ಅಂತನೂ ಅನಲಿಲ್ಲ.

ಸಾಲಿ ಗ್ವಾಡಿಗಿ ನೀತಿಮಾತು ಬರಸಲಾಕ ಕರದಾಗ
ಸಿಸ್ಟರ್ ಬೆನೆಡಿಕ್ಟಾ ಹೇಳಿದರು:
ಅದು ಲ್ಯಾಟಿನ್. ಹೊಸದು ಅಂತ ಅರ್ಥ.
ತಡಿ, ಹೊಸದು ಅಲ್ಲ, ಹೊಸಬಳು. ಹೆಣ್ಣಿಗಿ ಹಚ್ಚೋ ಮಾತು.
ನಿಮ್ಮ ನವ ಅದಲ್ಲ, ಅದರ ಅಕ್ಕನೋ ತಂಗಿನೋ.
"ಅದನ್ನ ಆಡೋ ಊರು ಯಾವುದು, ಸಿಸ್ಟರ್?"
ಮನ್ಯಾಗ ಆಡವರು ಯಾರೂ ಇಲ್ಲ. ಸತ್ತು ಭಾಳ ದಿನ ಆತು.

ನಾ ಡಬ್ಬಿ ಮುಚ್ಚಳ ತಗೀತಿದ್ದೆ. ಕೈ ಅಲ್ಲೇ ನಿಂತು ಹೋತು.
ಮಂದಿ ಎಲ್ಲಾ ಹೋಗಿ ಬಾಗಿಲು ಹಾಕಿದ ಮನಿದು ಒಂದು ಸೀರಿ
ಇಲ್ಲಿ ನಮ್ಮ ತಂತಿ ಮ್ಯಾಲ, ಗಂಜಿನ ಧೂಳಿನಾಗ,
ಇನ್ನಾ ಮಡಚಿದ ಗೆರಿ ಹೋಗದ
ಒಣಗಲಾಕತ್ತದ.

ಕಲತ ಹುರುಪಿನಾಗ ಆಟೋ ಅಂಬಣ್ಣಗ ಹೇಳಿದೆ.
ಅವ ಮಗಳಿಗೇ ಇಟ್ಟು ಬಿಟ್ಟ.
ಹಾಜರಿ ಹಿಡಿಯೋ ಮಾಸ್ತರು ಮೊದಲ ದಿನ, "ನೋವಾ?"
ಅಕಿ ಎದ್ದು ನಿಂತು,
"ಇಲ್ರಿ ಸರ್, ಆರಾಮ ಅದೀನಿ."
ಗೈರುಹಾಜರಿ ಹಾಕಿದರಂತ.

ಫ್ಲೆಕ್ಸ್ ಬಂದ ಮ್ಯಾಲ ಅಕ್ಷರಕ್ಕ ರೇಟಿಲ್ಲ, ಫೂಟಿಗಿ.
ಈಗ ನನ್ನ ಬಲಗೈ ಕಿವಿ ತನಕ ಏರವಲ್ದು.
ಮರತೂರ ಡಾಕ್ಟ್ರ ಸೊಸಿ ನೋಡತಾಳ ಅಂದ್ರು, ಹ್ವಾದೆ.
ಮುಂದ ಬೆಳಕಿನ ಬೋರ್ಡು, ರಾತ್ರಿನೂ ಹಗಲಾಗಂಗ.
ಹಿಂದ ಜನರೇಟರಿಗಿ ಮಳಿ ಹನಿ ಬೀಳದಂಗ
ನನ್ನ ತಗಡು ಒರಗಿಸಿಟ್ಟಾರ.

ಕರಿ ಬಣ್ಣ ಅಲ್ಲಲ್ಲೇ ಅದ, ನೋವಾ.
ಕೆಂಪು ಎಲ್ಲಾರಕಿಂತ ಮೊದಲ ಹೋಗೋ ಬಣ್ಣ.
ಗೊತ್ತಿತ್ತು. ಆವತ್ತೂ ಗೊತ್ತಿತ್ತು.
ಕೊಂಡಿ ಇದ್ದ ಜಾಗಕ್ಕ ಎಡಗೈ ಬೆರಳಿನಿಂದ ತಿದ್ದಿದೆ,
ತುಕ್ಕು ಹತ್ತಿತು.
ಒಳಗ ಯಾರದೋ ನಂಬರು ಕೂಗಿದರು.
ನಂದಲ್ಲ.