ಹದಿನಾಲ್ಕನೇ ಕ್ಲಿಕ್ಕು

ಸ್ವೀಡನ್ನಿನ ಪೆಟ್ಟಿಗೆ ಬಿಚ್ಚುವಾಗ
ತೌಸೀಫ್ ಚಪ್ಪಲಿ ಕಳಚಿಟ್ಟ.
ಒಳಗೆ ಕಪ್ಪು ಸ್ಪಂಜಿನ ಹೊಂಡಗಳಲ್ಲಿ
ನಾಲ್ಕು ಶಾಕ್ ಅಬ್ಸಾರ್ಬರು,
ಚಿನ್ನದ ಬಣ್ಣ, ಎಣ್ಣೆ ಕಾಣದ ಮೈ,
ಕುತ್ತಿಗೆಯಲ್ಲಿ ನೀಲಿ ತಿರುಪು.
"ಇದು ಗಾಡಿಗಾ, ಶೋಕೇಸಿಗಾ?" ಅಂದ.

ಬೈಕಂಪಾಡಿಯ ನಮ್ಮ ಶೆಡ್ಡಿಗೆ ಬರುವುದೆಲ್ಲ
ಬಂದರಿನ ಲಾರಿ, ಮೀನಿನ ಟೆಂಪೋ.
ಈ ಎಂಜಿ ಅಪೊಲಿನ್ ಬಾಯಿಯದ್ದು,
ಅರವತ್ತೈದರ ಮಾಡೆಲ್ಲು, ಎರಡೇ ಸೀಟು,
ಮುಚ್ಚಿಗೆ ಇಲ್ಲ, ಗಾಡಿಗೂ ಇಲ್ಲ ಅವರ ಮಾತಿಗೂ ಇಲ್ಲ.
ಬ್ಯಾಂಕಿನಲ್ಲಿ ಮೂವತ್ತೇಳು ವರ್ಷ ಕೂತು
ಗ್ರಾಚ್ಯುಟಿ ಬಂದ ವಾರವೇ
ಕೊಯಮತ್ತೂರಿಗೆ ಹೋಗಿ ತಂದದ್ದು.
"ಡಿಸೆಂಬರಿಗೆ ಅಲ್ಲಿಯ ಟ್ರ್ಯಾಕಿನಲ್ಲೇ ಓಡಿಸ್ಬೇಕು, ಗಟ್ಟೀ.
ತಿರುವಿನಲ್ಲಿ ಹಡಗಿನ ಹಾಗೆ ವಾಲಬಾರದು."

ನನ್ನ ಮನೆತನದ ಹೆಸರು ಗಟ್ಟಿ.
ಗಿರಾಕಿಗಳಿಗೆ ಇದೊಂದು ತಮಾಷೆ:
ಗಟ್ಟಿ ಮಾಡಿದ್ದು ಮೆದು ಆಗ್ತದಾ ಅಂತ.

ಹಳೆಯದ್ದು ಬಿಚ್ಚಲಿಕ್ಕೇ ಎರಡು ದಿನ.
ಕಡಲ ಗಾಳಿ ತಿಂದ ಬೋಲ್ಟುಗಳು
ಬಿಸಿ ಕೊಟ್ಟರೂ ಬಯ್ದರೂ ಬಿಡಲಿಲ್ಲ.
ಹಿಂದಿನ ಪ್ಲೇಟ್ ಸೆಟ್ಟು ಕೆಳಗಿಟ್ಟಾಗ
ಇನ್ನೂ ಚಪ್ಪಟೆಯಾಗಿಯೇ ಇತ್ತು,
ಭಾರ ಇಳಿದದ್ದು ಅದಕ್ಕೆ ಯಾರೂ ಹೇಳಿರಲಿಲ್ಲ.

ಎಲ್ಲ ಕೂಡಿಸಿದ ಮೇಲೆ ತೂಕ.
ನಾಲ್ಕು ಚಕ್ರಕ್ಕೆ ದಕ್ಕೆಯಿಂದ ನಾಲ್ಕು ಮೀನಿನ ಕಾಂಟಾ;
ಎಷ್ಟು ತೊಳೆದರೂ ಬಂಗುಡೆ ವಾಸನೆ.
ಡ್ರೈವರು ಕೂತ ಭಾರವೂ ಬೇಕು.
ಬಾಯಿಯವರ ತೂಕ ಕೇಳುವುದು ಹೇಗೆ?
ಫೋನಿನಲ್ಲಿ ನಾನು ತೊದಲಿದೆ, ಅವರು ತೊದಲಲಿಲ್ಲ:
"ಅರವತ್ತೆಂಟು. ಕನ್ನಡಕ ಸೇರಿ."
ಸೀಟಿನಲ್ಲಿ ಕುಚ್ಚಲಕ್ಕಿಯ ಐವತ್ತು ಕಿಲೋ ಗೋಣಿ,
ಅದರ ಮಡಿಲಲ್ಲಿ ಹದಿನೆಂಟರ ಟೂಲ್ ಪೆಟ್ಟಿಗೆ.
ತೌಸೀಫ್ ಗೋಣಿಗೆ ಬೆಲ್ಟು ಕಟ್ಟಿ
"ಹೊರಡುವಾ ಮೇಡಂ?" ಅಂದ.

ಮುಂದೆ ಎಡ ಇನ್ನೂರೈವತ್ತೊಂದು, ಬಲ ಇನ್ನೂರರವತ್ತಾರು,
ಹಿಂದೆ ಎಡ ಇನ್ನೂರಿಪ್ಪತ್ತೆರಡು, ಬಲ ಇನ್ನೂರನಲವತ್ತೊಂಬತ್ತು.
ಓರೆಯಾಗಿ ಕೂಡಿಸಿದರೆ ಒಂದು ಕಡೆ ಐನೂರು,
ಇನ್ನೊಂದು ಕಡೆ ಹನ್ನೆರಡು ಕಮ್ಮಿ.
ಮೂರು ಕಾಲೂರಿ ನಾಲ್ಕನೆಯದನ್ನು
ಸುಮ್ಮನೆ ಮುಟ್ಟಿಸಿ ನಿಂತ ನಾಯಿಯ ಹಾಗೆ,
ನಿಂತಾಗ ತಿಳಿಯುವುದಿಲ್ಲ.
ಕೊಕ್ಕೆ ಸ್ಪ್ಯಾನರಿನಿಂದ ಹಿಂದಿನ ಎಡದ ರಿಂಗು
ಅರ್ಧ ಸುತ್ತು, ಆಮೇಲೆ ಕಾಲು, ಆಮೇಲೆ ಕೂದಲೆಳೆ.
ಸಂಜೆಯ ಬಾಂಗಿಗೆ ತೌಸೀಫ್ ಹೋಗಿ ಬರುವಷ್ಟರಲ್ಲಿ
ಈಚೆ ನಾನೂರತೊಂಬತ್ತನಾಲ್ಕು, ಆಚೆಯೂ ಅಷ್ಟೆ.
ಅವನು ನಂಬದೆ
ಒಂದೊಂದು ಕಾಂಟಾವನ್ನೂ ಬೆರಳಿನಿಂದ ತಟ್ಟಿದ.

ಇನ್ನು ಕ್ಲಿಕ್ಕುಗಳು. ಒಟ್ಟು ಇಪ್ಪತ್ತನಾಲ್ಕು.
ಕಿವಿ ನನ್ನದು ಮುಕ್ಕಾಲು ಹೋಗಿದೆ, ಗ್ರೈಂಡರು ತಿಂದದ್ದು.
ಹಾಗಾಗಿ ಉಗುರಿನಲ್ಲಿ ಕೇಳುತ್ತೇನೆ:
ತಿರುಪಿನೊಳಗೆ ಸಾಸಿವೆಯಷ್ಟು ಗುಂಡು
ತನ್ನ ಗುಳಿಗೆ ಬೀಳುವುದು.
ಒಂಜಿ, ರಡ್ಡ್, ಮೂಜಿ...
ಲೆಕ್ಕ ನನಗೆ ತುಳುವಿನಲ್ಲೇ ಬರುವುದು,
ಕನ್ನಡದಲ್ಲಿ ಬಿಲ್ಲು ಮಾತ್ರ.
ಹದಿನಾಲ್ಕಕ್ಕೆ ನಿಲ್ಲಿಸಿದೆ. ಯಾಕೆಂದರೆ ಹೇಳಲಿಕ್ಕೆ ಬರುವುದಿಲ್ಲ.
ಪುಸ್ತಕದಲ್ಲಿ ಹನ್ನೆರಡು ಅಂತ ಉಂಟು.

ಆದಿತ್ಯವಾರ ಇಗರ್ಜಿ ಮುಗಿಸಿ ಬಂದರು,
ಕೂಳೂರು ಸಂಕ, ಕೊಟ್ಟಾರ, ನಂತೂರು,
ಕದ್ರಿ ಗುಡ್ಡೆ ಹತ್ತಿ ಇಳಿದು ತಿರುಗಿ ಬಂದಾಗ
ಕೂದಲು ಕಾಗೆಗೂಡು,
ಮೇಲಿನ ಹಲ್ಲುಸೆಟ್ಟು ಕರ್ಚೀಪಿನಲ್ಲಿ.
"ಕಾಂಕ್ರೀಟಿನ ಒಂದೊಂದು ಸಂದೂ ಬೆನ್ನಿಗೆ ಲೆಕ್ಕ ಕೊಡ್ತದೆ, ಗಟ್ಟೀ.
ಕೊಟ್ಟಾರದಲ್ಲಿ ಯಾರೋ ಎಸೆದ ಬೊಂಡದ ಚಿಪ್ಪು
ಅರ್ಧದ್ದಾ ಇಡೀದ್ದಾ ಅಂತ ಗೊತ್ತಾಯ್ತು."
"ನಾಲ್ಕು ಕ್ಲಿಕ್ಕು ಇಳಿಸ್ತೇನೆ, ಬಾಯಿ."
ಬೇಡ ಅಂದರು.
"ಮೂವತ್ತೇಳು ವರ್ಷ ಕುಶನ್ನಿನ ಕುರ್ಚಿ.
ಎಂತದೂ ತಾಗಲಿಲ್ಲ."

ನಾನು ಸ್ಪ್ಯಾನರು ಒರೆಸುತ್ತ ನಿಂತೆ.
ಗೇಟಿನವರೆಗೆ ಹೋದ ಗಾಡಿ
ಹಿಂದೆ ಹಿಂದೆ ಬಂತು.
"ಎರಡು. ಎರಡೇ ಇಳಿಸಿ. ಹಲ್ಲು ಹೊಸದು."

ಗೋಣಿ ಮನೆಗೆ ಹೋಯಿತು.
ರಾತ್ರಿ ಗಂಜಿ ಬಡಿಸುವಾಗ ಹೆಂಡತಿ
ಸೌಟು ಮೂಸಿ ಕೇಳಿದಳು,
ಈ ಅಕ್ಕಿಗೆ ಯಾಕೆ ಪೆಟ್ರೋಲಿನ ವಾಸನೆ?
ಉಪ್ಪಿನಕಾಯಿ ಚೀಪುತ್ತ ಕೂತೆ.
ಹೇಗೆ ಹೇಳುವುದು,
ಎರಡು ದಿನ ಅದು ಡ್ರೈವರಾಗಿತ್ತು ಅಂತ.